ಮೊದಲನೆಯದಲ್ಲದ ಮೊದಲ ಪುಸ್ತಕ: ‘ದಿ ಮೆಜಿಷಿಯನ್ಸ್ ನೆಫ್ಯೂ’

ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿಯೊಂದರ ಮಹಡಿಯಲ್ಲಿ, ಮಕ್ಕಳ ವಿಭಾಗದ ಕೆಳಗಿನ ಸಾಲಿನಲ್ಲಿ, ಸಿ. ಎಸ್. ಲೂಯಿಸ್ ಅವರ, ಮಾತನಾಡುವ ಪ್ರಾಣಿಗಳಿರುವ ನಾರ್ನಿಯಾ ಎಂಬ ಕಲ್ಪಿತ ಲೋಕದ ಕಾದಂಬರಿ ಸರಣಿಯ ‘ದಿ ಮೆಜಿಷಿಯನ್ಸ್ ನೆಫ್ಯೂ’ 180 ರೂಪಾಯಿಗೆ ಸಿಕ್ಕಿತು. ಪುಸ್ತಕದ ಬೆನ್ನಿನ ಮೇಲೆ ದಪ್ಪಗೆ 1 ಎಂಬ ಅಂಕಿ ಅಚ್ಚಾಗಿತ್ತು. ಜಯನಗರದಲ್ಲಿರುವ ನನ್ನ ತಂಗಿಯ ಮಗಳಿಗೆ ಆಗಷ್ಟೇ ಹತ್ತು ತುಂಬಿತ್ತು. ಏಳು ಪುಸ್ತಕಗಳ ಸರಣಿಯನ್ನು ಒಂದರಿಂದಲೇ ಶುರು ಮಾಡುವುದು ಕ್ರಮವಲ್ಲವೇ ಎಂದುಕೊಂಡು, ಅದನ್ನೇ ಉಡುಗೊರೆಯಾಗಿ ಒಯ್ದು, ಮೂರು ಭಾನುವಾರ ಅವಳ ಜೊತೆ ಕುಳಿತು ಗಟ್ಟಿಯಾಗಿ ಓದಿದೆ. ನಾನು ಇದನ್ನು ಕಾಲೇಜಿನ ದಿನಗಳಲ್ಲಿ ಒಮ್ಮೆ ಓದಿದ್ದೆ, ಆದರೆ ಆಗ ಸರಣಿಯ ಉಳಿದ ಪುಸ್ತಕಗಳನ್ನು ಓದಿ ಮುಗಿಸಿ ಇದಕ್ಕೆ ಬಂದಿದ್ದೆ. ಈ ಸಲ ಏನೂ ತಿಳಿಯದ ಓದುಗಿಯೊಬ್ಬಳು ಪಕ್ಕದಲ್ಲಿದ್ದುದರಿಂದ, ಕಾದಂಬರಿಯ ಬಲವೂ ದೌರ್ಬಲ್ಯವೂ ನನಗೆ ಬೇರೆಯದೇ ಬೆಳಕಿನಲ್ಲಿ ಕಂಡವು.

ಮೊದಲು ಆ ಅಂಕಿಯ ವಿಚಾರ. ಸರಣಿಯ ಮೊದಲ ಕಾದಂಬರಿ, ಅಂದರೆ ಬೀರುವಿನೊಳಗಿಂದ ಮಕ್ಕಳು ಹಿಮದ ನಾಡಿಗೆ ಹೋಗುವ ಕಥೆ, ಪ್ರಕಟವಾದದ್ದು 1950ರಲ್ಲಿ. ಅಲ್ಲಿಂದ ವರ್ಷಕ್ಕೊಂದರಂತೆ ಪುಸ್ತಕಗಳು ಬಂದು, ‘ದಿ ಮೆಜಿಷಿಯನ್ಸ್ ನೆಫ್ಯೂ’ 1955ರಲ್ಲಿ ಆರನೆಯದಾಗಿ ಹೊರಬಂತು. 1956ರಲ್ಲಿ ಸರಣಿ ಮುಗಿಯಿತು. ಮೊದಲ ಪುಸ್ತಕವಾದ ಕೂಡಲೇ ಲೂಯಿಸ್ ಈ ಪೂರ್ವಕಥೆಗೆ ಕೈಹಾಕಿದ್ದರು; ಅದು ಸಾಗದೆ ಬದಿಗಿಟ್ಟರು, ಮತ್ತೆ ಹಿಡಿದರು, ಮುಗಿಸುವಷ್ಟರಲ್ಲಿ ಉಳಿದೆಲ್ಲ ಪುಸ್ತಕಗಳ ಬರವಣಿಗೆ ನಡೆದುಹೋಗಿತ್ತು. ಕಥೆಯ ಕಾಲಾನುಕ್ರಮವನ್ನು ಹಿಡಿದು ಇದಕ್ಕೆ ಒಂದನೆಯ ಸ್ಥಾನ ಕೊಟ್ಟು ಸರಣಿಯ ಸಂಖ್ಯೆಗಳನ್ನು ಬದಲಿಸಿದ್ದು 1994ರಲ್ಲಿ, ಲೇಖಕರು ತೀರಿಕೊಂಡು ಮೂರು ದಶಕಗಳಾದ ಮೇಲೆ. ಕಾಲಾನುಕ್ರಮದಲ್ಲಿ ಓದುವುದೇ ಚೆನ್ನ ಎಂದ ಬಾಲಕನೊಬ್ಬನಿಗೆ 1957ರಲ್ಲಿ ಬರೆದ ಪತ್ರದಲ್ಲಿ ಲೂಯಿಸ್ ಅವನ ಮಾತನ್ನು ಒಪ್ಪಿದ್ದರು ಎಂಬುದೇ ಈ ಬದಲಾವಣೆಯನ್ನು ಸಮರ್ಥಿಸುವವರ ಆಧಾರ. ಆದರೆ ಅದೇ ಪತ್ರದಲ್ಲಿ, ಯಾವ ಕ್ರಮದಲ್ಲಿ ಓದಿದರೂ ಹೆಚ್ಚು ವ್ಯತ್ಯಾಸವಾಗಲಾರದೇನೋ ಎಂಬ ಮಾತೂ ಇದೆ. ಮಗುವಿನ ಮನಸ್ಸು ನೋಯಬಾರದೆಂದು ಹಿರಿಯರು ಬರೆದ ಪತ್ರವನ್ನು ಶಾಸನವೆಂದು ಓದುವುದು ನನಗೆ ಸರಿಕಾಣುವುದಿಲ್ಲ.

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನ ಲಂಡನ್ನಿನಲ್ಲಿ. ಡಿಗರಿ ಎಂಬ ಹುಡುಗನ ತಂದೆ ಭಾರತದಲ್ಲಿದ್ದಾನೆ, ತಾಯಿ ಸಾಯುವ ಸ್ಥಿತಿಯಲ್ಲಿ ಮಲಗಿದ್ದಾಳೆ. ಹಳ್ಳಿಯ ಮನೆ ಬಿಟ್ಟು ತಾಯಿಯ ಒಡಹುಟ್ಟಿದವರ ಮನೆಗೆ ಬಂದಿರುವ ಅವನಿಗೆ ಪಕ್ಕದ ಮನೆಯ ಪಾಲಿಯೊಬ್ಬಳೇ ಗೆಳತಿ. ಸಾಲುಮನೆಗಳ ಅಟ್ಟಗಳನ್ನು ಕೂಡಿಸುವ ಕತ್ತಲ ಓಣಿಯಲ್ಲಿ ತೆವಳುತ್ತ ಪಾಳುಮನೆಯೊಂದನ್ನು ಹುಡುಕಿಹೊರಟ ಇಬ್ಬರೂ ಲೆಕ್ಕ ತಪ್ಪಿ ಆಂಡ್ರ್ಯೂ ಮಾವನ ಕೋಣೆಗೇ ಇಳಿಯುತ್ತಾರೆ. ಅಲ್ಲಿ ಹಳದಿ ಮತ್ತು ಹಸಿರು ಉಂಗುರಗಳಿವೆ. ಅವು ಏನು ಮಾಡುತ್ತವೆ ಎಂಬುದನ್ನು ತಾನು ಪರೀಕ್ಷಿಸಲು ಹೆದರುವ ಆ ಮನುಷ್ಯ, ಮಕ್ಕಳನ್ನು ಗಿನಿಯಿಲಿಗಳಂತೆ ಬಳಸುತ್ತಾನೆ.

ಇಂಗ್ಲಿಷಿನಲ್ಲಿ ‘ಅಂಕಲ್’ ಎಂದರೆ ಯಾರೂ ಆಗಬಹುದು. ಕನ್ನಡದಲ್ಲಿ ಹೇಳುವಾಗ ಇವನು ಸೋದರಮಾವ ಎಂದು ಸ್ಪಷ್ಟವಾಗಿ ಹೇಳಲೇಬೇಕು, ಮತ್ತು ಹಾಗೆ ಹೇಳಿದ ಕೂಡಲೇ ಕಂಸನೂ ಶಕುನಿಯೂ ಕೋಣೆಯ ಮೂಲೆಯಲ್ಲಿ ಬಂದು ನಿಲ್ಲುತ್ತಾರೆ. ಓದಿ ಹೇಳುತ್ತಿದ್ದವನೂ ಸೋದರಮಾವನೇ ಆಗಿದ್ದುದರಿಂದ ನಮ್ಮ ಮನೆಯಲ್ಲಿ ಈ ಭಾಗಕ್ಕೆ ಸ್ವಲ್ಪ ಹೆಚ್ಚೇ ನಗು ಸಿಕ್ಕಿತೆನ್ನಬೇಕು. ಆದರೆ ಆಂಡ್ರ್ಯೂ ಕಂಸನಷ್ಟು ದೊಡ್ಡವನಲ್ಲ, ಅದೇ ಅವನ ವಿಶೇಷ. ಅವನು ಹೇಡಿ, ಒಣಜಂಭದವನು, ತಂಗಿ ಸಾಯುತ್ತಿರುವ ಮನೆಯಲ್ಲೇ ಕುಳಿತು ತನ್ನ ಪ್ರಯೋಗಗಳ ಬಗ್ಗೆ ಕನಸು ಕಾಣುವವನು. ಮಾತಿನ ನಿಯಮ, ಉಪಕಾರ, ಪ್ರಾಮಾಣಿಕತೆ ಇವೆಲ್ಲ ಸಾಮಾನ್ಯ ಜನರಿಗೆ, ತನ್ನಂತಹ ಏಕಾಂಗಿ ಜ್ಞಾನಿಗೆ ಅಲ್ಲ ಎಂದು ಅವನು ಆರಂಭದಲ್ಲಿಯೇ ಘೋಷಿಸುತ್ತಾನೆ. ಕೆಲವು ಅಧ್ಯಾಯಗಳ ಬಳಿಕ, ಬೇರೊಂದು ಲೋಕದಲ್ಲಿ, ಇಡೀ ಜಗತ್ತನ್ನು ಕೊಂದ ರಾಣಿಯೊಬ್ಬಳು ಹೆಚ್ಚುಕಡಿಮೆ ಅದೇ ಮಾತನ್ನು ಆಡುತ್ತಾಳೆ. ಡಿಗರಿ ಅದನ್ನು ಗುರುತಿಸುತ್ತಾನೆ; ಆದರೆ ಅವಳ ಬಾಯಲ್ಲಿ ಆ ಮಾತು ಭವ್ಯವಾಗಿ ಕೇಳಿಸಿತು ಎಂದೂ ಅವನಿಗೆ ಅನ್ನಿಸುತ್ತದೆ. ಮನೆಯ ಅಟ್ಟದಲ್ಲಿ ಕುಳಿತ ಅಲ್ಪನ ದುಷ್ಟತನಕ್ಕೂ ಸಿಂಹಾಸನದ ದುಷ್ಟತನಕ್ಕೂ ಬೇರು ಒಂದೇ, ವ್ಯತ್ಯಾಸ ಇರುವುದು ಎತ್ತರದಲ್ಲಿ ಮಾತ್ರ ಎಂಬುದನ್ನು ಹತ್ತು ವರ್ಷದವರಿಗೆ ತಿಳಿಯುವಂತೆ, ಬೋಧಿಸದೆ ಹೇಳಿರುವ ಇಂತಹ ಜಾಗಗಳು ಮಕ್ಕಳ ಸಾಹಿತ್ಯದಲ್ಲಿ ವಿರಳ.

ಉಂಗುರ ಮುಟ್ಟಿದವರು ಮೊದಲು ತಲುಪುವುದು ಲೋಕಗಳ ನಡುವಿನ ಕಾಡಿಗೆ. ಅಲ್ಲಿ ಹಕ್ಕಿಯಿಲ್ಲ, ಹುಳವಿಲ್ಲ, ಗಾಳಿಯಿಲ್ಲ. ಮರಗಳು ಬೆಳೆಯುವುದೇ ಕೇಳಿಸೀತು ಎನ್ನುವಷ್ಟು ಮೌನ. ಅಡಿಗಡಿಗೂ ಒಂದೊಂದು ಕೊಳ, ಒಂದೊಂದು ಕೊಳವೂ ಒಂದೊಂದು ಲೋಕದ ಬಾಗಿಲು. ಅಲ್ಲಿ ಸ್ವಲ್ಪ ಹೊತ್ತು ಇದ್ದವರಿಗೆ ತಾವು ಯಾರು, ಎಲ್ಲಿಂದ ಬಂದೆವು ಎಂಬುದೇ ಮಸುಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಸರಣಿಯ ಅತ್ಯಂತ ಸ್ವತಂತ್ರವಾದ ಕಲ್ಪನೆ ಇದು. ನಾರ್ನಿಯಾದ ಹಂಗೇ ಇಲ್ಲದೆ ಇದು ನಿಲ್ಲಬಲ್ಲದು. ಲೂಯಿಸ್ ಇದನ್ನು ನಾಲ್ಕಾರು ಪುಟಗಳಲ್ಲಿ ಮುಗಿಸಿಬಿಡುತ್ತಾರೆಂಬುದು ನನ್ನ ದೂರು. ಅಷ್ಟೊಂದು ಕೊಳಗಳಿದ್ದೂ ಮಕ್ಕಳು ತಮ್ಮ ಮನೆಯದನ್ನು ಬಿಟ್ಟರೆ ಎರಡಕ್ಕೆ ಮಾತ್ರ ಇಳಿಯುತ್ತಾರೆ. ಸಾಹಸದ ಕಥೆಯೆಂದು ಕೊಂಡ ಓದುಗನಿಗೆ ಇದು ಊಟಕ್ಕೆ ಕರೆದು ಎಲೆ ತುಂಬ ಬಡಿಸಿ, ಎರಡು ತುತ್ತಿಗೆ ಎಬ್ಬಿಸಿದಂತೆ.

ಆದರೆ ಆ ಎರಡರಲ್ಲಿ ಮೊದಲನೆಯದು ಚಾರ್ನ್. ಮುದಿಯಾಗಿ ಕೆಂಪಗಾದ ಸೂರ್ಯ, ಕಣ್ಣು ಹಾಯುವಷ್ಟು ದೂರ ನಿರ್ಜೀವ ನಗರ, ನೀರಿಲ್ಲದ ನದಿಯ ಪಾತ್ರ, ಒಂದು ಸಭಾಂಗಣದಲ್ಲಿ ಸಾಲಾಗಿ ಕುಳಿತ ರಾಜರಾಣಿಯರ ಅಲುಗಾಡದ ಮೂರ್ತಿಗಳು. ಮಕ್ಕಳು ಸಾಲಿನ ಉದ್ದಕ್ಕೂ ನಡೆಯುತ್ತಾರೆ. ಮೊದಲ ಮುಖಗಳು ಕರುಣೆಯವು, ನಂತರದವು ಗಂಭೀರ, ಆಮೇಲೆ ಗರ್ವ, ಕ್ರೌರ್ಯ, ಕೊನೆಗೆ ಕ್ರೌರ್ಯದ ಜೊತೆಗೆ ಹತಾಶೆ. ಯುದ್ಧಗಳ ಪಟ್ಟಿಯಿಲ್ಲದೆ, ವಂಶಾವಳಿಯಿಲ್ಲದೆ, ಒಂದು ಸಾಮ್ರಾಜ್ಯದ ಸಾವಿರಾರು ವರ್ಷಗಳ ಚರಿತ್ರೆಯನ್ನು ಮುಖಗಳ ಒಂದು ಸಾಲಿನಲ್ಲಿ ಹೇಳಿಮುಗಿಸಿದ ಈ ಪುಟವನ್ನು, ಈಗಿನ ದಪ್ಪ ದಪ್ಪ ಫ್ಯಾಂಟಸಿ ಕಾದಂಬರಿಗಳನ್ನು ಬರೆಯುವವರು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕು. ಅಲ್ಲೊಂದು ಗಂಟೆ, ಪಕ್ಕದಲ್ಲಿ ಸುತ್ತಿಗೆ. ಬಾರಿಸಿದರೆ ಅಪಾಯ, ಬಾರಿಸದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆಯಲ್ಲೇ ಹುಚ್ಚು ಹಿಡಿದೀತು ಎಂಬ ಬರಹ. ಪಾಲಿ ಬೇಡವೆನ್ನುತ್ತಾಳೆ. ಡಿಗರಿ ಅವಳ ಕೈ ತಿರುಚಿ ಹಿಡಿದು ಗಂಟೆ ಬಾರಿಸುತ್ತಾನೆ. ಕಥಾನಾಯಕನೇ ಮಾಡುವ ಈ ಕೆಟ್ಟ ಕೆಲಸವನ್ನು ಲೇಖಕರು ಮುಚ್ಚಿಡುವುದಿಲ್ಲ, ಮಂತ್ರದ ವಶವಾಗಿದ್ದ ಎಂದು ನೆಪ ಹೇಳಲೂ ಬಿಡುವುದಿಲ್ಲ. ಮುಂದೆ, ನಾರ್ನಿಯಾದ ಒಡೆಯನಾದ ಸಿಂಹದೆದುರು ನಿಂತಾಗ ಅವನು ಅದನ್ನು ತನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕಾಗುತ್ತದೆ.

ಎದ್ದು ನಿಲ್ಲುವವಳು ಜೇಡಿಸ್. ತನ್ನ ಸೋದರಿಯೊಡನೆ ಸಿಂಹಾಸನಕ್ಕಾಗಿ ಹೋರಾಡಿ, ಸೋಲು ಖಚಿತವಾದಾಗ ಒಂದೇ ಒಂದು ಪದವನ್ನು ಉಚ್ಚರಿಸಿ, ತನ್ನನ್ನು ಬಿಟ್ಟು ಆ ಲೋಕದ ಜೀವರಾಶಿಯನ್ನೆಲ್ಲ ಕೊಂದವಳು. ಪುಸ್ತಕ ಬಂದಾಗ ಹಿರೋಷಿಮಾಕ್ಕೆ ಹತ್ತು ವರ್ಷ. ಕಥೆಯ ಕೊನೆಯಲ್ಲಿ ಸಿಂಹವು ಮಕ್ಕಳಿಗೆ, ನಿಮ್ಮ ಲೋಕದಲ್ಲಿಯೂ ಯಾರಾದರೂ ಅಂತಹ ಪದವೊಂದನ್ನು ಕಂಡುಹಿಡಿದಾರು ಎಂದು ಎಚ್ಚರಿಸುವಾಗ 1955ರ ಓದುಗರಿಗೆ ಅದು ರೂಪಕದಂತೆ ಕೇಳಿಸಿರಲಾರದು.

ಜೇಡಿಸ್ ಮಕ್ಕಳ ಹಿಂದೆಯೇ ಲಂಡನ್ನಿಗೆ ಬಂದು ಮಾಡುವ ಗಲಭೆ ನಗೆಪಾಟಲು. ಓದಲು ಚೆನ್ನಾಗಿದೆ, ಹೇಳುವಂಥದ್ದು ಹೆಚ್ಚಿಲ್ಲ. ನಮ್ಮ ಹಳೆಯ ಜಟಕಾದವರನ್ನು ನೆನಪಿಸುವ ಫ್ರಾಂಕ್ ಎಂಬ ಬಾಡಿಗೆ ಕುದುರೆಗಾಡಿಯವನು ಇಲ್ಲಿ ಪರಿಚಯವಾಗುತ್ತಾನೆ, ಅವನ ಕುದುರೆ ಸ್ಟ್ರಾಬೆರಿಯೂ ಕೂಡ. ರಾಣಿ ಬೀದಿದೀಪದ ಕಂಬದಿಂದ ಕಬ್ಬಿಣದ ಸರಳೊಂದನ್ನು ಕಿತ್ತು ಪೊಲೀಸರ ಮೇಲೆ ಬೀಸುತ್ತಾಳೆ. ಅವಳನ್ನು ಅಲ್ಲಿಂದ ಸಾಗಿಸಲು ಹೋಗಿ ಎಲ್ಲರೂ ಒಟ್ಟಿಗೆ ಬೀಳುವುದು ಇನ್ನೂ ಹುಟ್ಟದ ಒಂದು ಲೋಕದೊಳಗೆ; ಅದೇ ಮುಂದೆ ನಾರ್ನಿಯಾ.

ಆ ಕತ್ತಲಲ್ಲಿ ಫ್ರಾಂಕ್ ಧೈರ್ಯಕ್ಕೆಂದು ಸುಗ್ಗಿಯ ಸ್ತೋತ್ರವೊಂದನ್ನು ಹಾಡುತ್ತಾನೆ. ಅದು ನಿಂತ ಮೇಲೆ ಬೇರೊಂದು ದನಿ ಹಾಡತೊಡಗುತ್ತದೆ. ಆ ಹಾಡಿಗೆ ನಕ್ಷತ್ರಗಳು ಮೂಡುತ್ತವೆ, ಸೂರ್ಯ ಹುಟ್ಟುತ್ತಾನೆ, ಹಾಡುತ್ತಿರುವುದು ಸಿಂಹವೆಂದು ಆಗ ಕಾಣುತ್ತದೆ, ಅದು ನಡೆದತ್ತ ಹುಲ್ಲು ಹಬ್ಬುತ್ತದೆ, ನೆಲ ಗುಳ್ಳೆಗಟ್ಟಿ ಪ್ರಾಣಿಗಳು ಹೊರಬರುತ್ತವೆ. ನಾದದಿಂದ ಸೃಷ್ಟಿ ಎಂಬುದು ನಮಗೆ ಹೊಸ ಮಾತಲ್ಲವಾದರೂ, ರಾಗ ಬದಲಾದಂತೆ ಸೃಷ್ಟಿಯಾಗುವ ವಸ್ತುವೂ ಬದಲಾಗುವುದನ್ನು ಪಾಲಿ ತಾನೇ ಗಮನಿಸಿ ಕಂಡುಕೊಳ್ಳುವಂತೆ ಬರೆದಿರುವುದರಲ್ಲಿ ಹೊಸತನವಿದೆ. ಇದೇ ಹಾಡು ಆಂಡ್ರ್ಯೂ ಮಾವನಿಗೆ ಬರೀ ಘರ್ಜನೆಯಾಗಿ ಕೇಳುತ್ತದೆ. ಸಿಂಹ ಹಾಡುವುದುಂಟೇ ಎಂದು ಅವನು ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು, ಕೊನೆಗೆ ಕೇಳಬೇಕೆಂದರೂ ಕೇಳದ ಸ್ಥಿತಿಗೆ ತಲುಪುತ್ತಾನೆ.

ರಾಣಿ ಆ ಸರಳನ್ನು ಸಿಂಹದ ಹಣೆಗೆ ಎಸೆಯುತ್ತಾಳೆ. ಅದು ತಗಲಿ ಕೆಳಗೆ ಬಿದ್ದು, ಬಿದ್ದದ್ದೆಲ್ಲ ಚಿಗುರುವ ಆ ಹೊಸ ಮಣ್ಣಿನಲ್ಲಿ ಬೇರುಬಿಟ್ಟು ಪುಟ್ಟ ದೀಪದ ಕಂಬವಾಗಿ ಬೆಳೆಯುತ್ತದೆ. 1950ರ ಪುಸ್ತಕದಲ್ಲಿ ಹಿಮದ ಕಾಡಿನ ನಟ್ಟನಡುವೆ ಯಾರೂ ನೆಡದೆ ಉರಿಯುತ್ತಿದ್ದ ಕಂಬ ಇದೇ. ಪೂರ್ವಕಥೆ ಬರೆಯುವವರಿಗೆ ಇದು ಕಠಿಣ ಪರೀಕ್ಷೆ, ಏಕೆಂದರೆ ಚೆಲುವಾದ ನಿಗೂಢವೊಂದಕ್ಕೆ ಕಾರಣ ಹೇಳಿದೊಡನೆ ಅದರ ಚೆಲುವು ಹೋಗುವ ಭಯವಿದೆ. ಲೂಯಿಸ್ ಇಲ್ಲಿ ಗೆದ್ದಿದ್ದಾರೆ: ಅವರು ಕೊಡುವ ಕಾರಣವು ಮೂಲದ ಒಗಟಿಗಿಂತ ಹೆಚ್ಚು ವಿಚಿತ್ರವಾಗಿದೆ. ಈ ಕಥೆ ನಡೆಯುವ ಹೊತ್ತಿಗೆ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ ಇಲ್ಲಿನ ಬೀದಿದೀಪಗಳು ಮೊದಲು ಬೆಳಗಿದ್ದು 1905ರಲ್ಲಿ. ಹೊಳೆಯ ನೀರು ಬಿದ್ದಲ್ಲಿಂದ ಬೆಳಕು ತಂತಿಯಲ್ಲಿ ಊರಿಗೆ ಬರುತ್ತದೆಂದು ಕೇಳಿದ ಅಂದಿನ ಜನರಿಗೆ, ಮಣ್ಣಿನಲ್ಲಿ ಕಂಬ ಮೊಳೆಯಿತೆಂಬುದೂ ಅಷ್ಟೇನೂ ಅಸಾಧ್ಯವೆನಿಸದೆ ಇದ್ದೀತು ಎಂದು ನಾನು ಓದು ನಿಲ್ಲಿಸಿ ಹುಡುಗಿಗೆ ಹೇಳಿದೆ. ಅವಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಒಂಬತ್ತು ಟಾಫಿಗಳಲ್ಲಿ ತಲಾ ನಾಲ್ಕು ತಿಂದು ಉಳಿದೊಂದನ್ನು ನೆಟ್ಟು ಟಾಫಿಮರ ಬೆಳೆಸುವ ಪುಟ ಬೇಗ ಬರಲಿ ಎಂದಿತ್ತು.

ಕಂಬದ ವಿಷಯದಲ್ಲಿ ಗೆದ್ದವರು ರಾಣಿಯ ವಿಷಯದಲ್ಲಿ ಸೋತಿದ್ದಾರೆ. ಮೊದಲ ಪುಸ್ತಕದಲ್ಲಿ ಬಿಳಿ ಮಾಟಗಾತಿಯಾಗಿ ಬರುವವಳು ಇದೇ ಜೇಡಿಸ್; ಅಲ್ಲಿ ಅವಳ ಹುಟ್ಟನ್ನು ಬೀವರ್ ಎಂಬ ಪ್ರಾಣಿ ವಿವರಿಸುತ್ತದೆ: ಒಂದು ಕಡೆಯಿಂದ ಆದಮನ ಮೊದಲ ಹೆಂಡತಿ ಲಿಲಿತ್, ಇನ್ನೊಂದು ಕಡೆಯಿಂದ ದೈತ್ಯರು. ಇಲ್ಲಿ ಅವಳು ಚಾರ್ನಿನ ಕೊನೆಯ ರಾಣಿ. ಎರಡನ್ನೂ ಹೊಂದಿಸಲು, ಬೀವರ್ ಹೇಳಿದ್ದು ಊರಮಾತು ಎಂದು ಅಭಿಮಾನಿಗಳು ವಾದಿಸುತ್ತಾರೆ. ಅದು ಓದುಗರು ಲೇಖಕರಿಗೆ ಕೊಟ್ಟ ಸಾಲ. ಇದಕ್ಕಿಂತ ನನಗೆ ಕಾಡುವುದು, ಚಾರ್ನಿನ ಜೇಡಿಸ್ ಅಷ್ಟು ದೊಡ್ಡ ಪಾತ್ರವಾದ ಮೇಲೆ, ಹಿಮದ ನಾಡಿನಲ್ಲಿ ಹುಡುಗನಿಗೆ ಸಿಹಿ ತಿನ್ನಿಸಿ ಮರುಳುಮಾಡುವ ಮಾಟಗಾತಿ ಸಣ್ಣವಳಾಗಿ ಕಾಣತೊಡಗುತ್ತಾಳೆ ಎಂಬುದು. ಪೂರ್ವಕಥೆಯೊಂದು ಮೂಲಕಥೆಯ ಖಳನನ್ನು ಕುಗ್ಗಿಸಿದರೆ ಅದನ್ನು ದೋಷವೆಂದೇ ಎಣಿಸಬೇಕು.

ಸೃಷ್ಟಿಯಾದ ಮೇಲಿನ ಎರಡು ಮೂರು ಅಧ್ಯಾಯಗಳಲ್ಲಿ ಕಾದಂಬರಿ ಕುಂಟುತ್ತದೆ. ಮಾತನಾಡುವ ಪ್ರಾಣಿಗಳು ಆಂಡ್ರ್ಯೂ ಗಿಡವೋ ಪ್ರಾಣಿಯೋ ಎಂದು ಚರ್ಚಿಸಿ, ಅವನನ್ನು ನೆಟ್ಟು ನೀರೆರೆಯುವ ಹಾಸ್ಯ ಮಕ್ಕಳಿಗೆ ಒಮ್ಮೆ ನಗೆ ತರಿಸುತ್ತದೆ, ಆಮೇಲೆ ಎಳೆದಾಡುತ್ತದೆ. ಅಷ್ಟು ಹೊತ್ತೂ ಡಿಗರಿಯ ತಾಯಿ ಅಲ್ಲಿ ಸಾಯುತ್ತಿದ್ದಾಳೆ ಎಂಬುದನ್ನು ಲೇಖಕರು ಮರೆತಂತಿದೆ. ಇನ್ನೂ ದೊಡ್ಡ ತೊಡಕೆಂದರೆ, ನೂರಾರು ಜಾತಿಯ ಬುದ್ಧಿವಂತ ಜೀವಿಗಳಿರುವ ಲೋಕಕ್ಕೆ ಹುಟ್ಟಿದ ದಿನವೇ ರಾಜನಾಗಿ ಬರುವವನು ಲಂಡನ್ನಿನ ಗಾಡಿಯವನು. ಫ್ರಾಂಕ್ ಒಳ್ಳೆಯವನು, ಪ್ರಾಣಿಗಳನ್ನು ಗುಲಾಮರಂತೆ ಕಾಣಬಾರದೆಂಬ ಷರತ್ತನ್ನು ಒಪ್ಪಿಯೇ ಕಿರೀಟ ಧರಿಸುತ್ತಾನೆ, ನಿಜ. ಹಳೆಯ ಕಬ್ಬಿಣ ಹೂತರೆ ರೈಲು ಎಂಜಿನ್ನುಗಳೂ ಯುದ್ಧನೌಕೆಗಳೂ ಬೆಳೆದಾವೆಂದು ಲೆಕ್ಕ ಹಾಕುವ ಆಂಡ್ರ್ಯೂನ ಮೂಲಕ ವಸಾಹತುಗಾರನ ದುರಾಸೆಯನ್ನು ಲೂಯಿಸ್ ಗೇಲಿ ಮಾಡುತ್ತಾರೆ ಎಂಬುದೂ ನಿಜ. ಆದರೆ ದುರಾಸೆಯ ಆಳ್ವಿಕೆ ಬೇಡ, ಒಳ್ಳೆಯವರ ಆಳ್ವಿಕೆ ಇರಲಿ ಎಂಬಲ್ಲಿಗೆ ಅವರ ವಿಚಾರ ನಿಲ್ಲುತ್ತದೆ. ಹೊರಗಿನವರು ಏಕೆ ಆಳಬೇಕೆಂಬ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿದ ಊರಿನಲ್ಲಿ ಕುಳಿತು ಓದುವವರಿಗೆ ಅದು ಏಳದಿರಲು ಸಾಧ್ಯವಿಲ್ಲ. ತಂದೆ ಭಾರತದಲ್ಲಿದ್ದಾನೆ ಎಂಬ ಮೊದಲ ಅಧ್ಯಾಯದ ಮಾತಿಗೇ ನಾನು ತಡೆದೆ. ಈ ಕಥೆಯಲ್ಲಿ ಭಾರತವೆಂದರೆ ತಂದೆಯಂದಿರು ಕಾಣೆಯಾಗುವ, ಕಡೆಗೆ ಹಣ ಸಿಕ್ಕಿದಾಗ ಮರಳಿ ಬರುವ ದೂರದ ಒಂದು ಜಾಗ ಮಾತ್ರ.

ಪಾಲಿಗೂ ನ್ಯಾಯ ದೊರೆತಿಲ್ಲ. ಮರಳುವ ಕೊಳ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ಮುಂದೆ ಹೋಗೋಣ ಎಂದವಳು ಅವಳು, ಗಂಟೆ ಬೇಡವೆಂದವಳು ಅವಳು, ಹಾಡಿಗೂ ಸೃಷ್ಟಿಗೂ ಇರುವ ಸಂಬಂಧ ಕಂಡವಳು ಅವಳು. ಕಥೆಯ ನಿರ್ಣಾಯಕ ತೋಟದ ಬಾಗಿಲಿನಲ್ಲಿ ಮಾತ್ರ ಅವಳನ್ನು ಹೊರಗೆ ನಿಲ್ಲಿಸಲಾಗುತ್ತದೆ. ‘ಅವಳು ಯಾಕೆ ಒಳಗೆ ಹೋಗಲ್ಲ ಮಾವ?’ ಎಂಬ ಪ್ರಶ್ನೆ ಬಂತು. ಪರೀಕ್ಷೆ ಡಿಗರಿಯದು ಎಂದೆ. ಆ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ.

ಆದರೂ ಆ ತೋಟದ ಅಧ್ಯಾಯಕ್ಕಾಗಿಯೇ ಈ ಪುಸ್ತಕವನ್ನು ಓದಬೇಕು. ತಾನು ಎಬ್ಬಿಸಿದ ಕೇಡು ಹೊಸ ಲೋಕಕ್ಕೆ ಬಂದು ಸೇರಿದ್ದರಿಂದ, ಅದಕ್ಕೆ ಕಾವಲಾಗುವ ಮರವೊಂದರ ಹಣ್ಣನ್ನು ತರಲು ಡಿಗರಿ ರೆಕ್ಕೆ ಮೂಡಿದ ಕುದುರೆಯ ಮೇಲೆ ಹೋಗುತ್ತಾನೆ. ಅಲ್ಲಿ ಗೋಡೆ ಹಾರಿ ಬಂದು ಹಣ್ಣು ಕದ್ದು ತಿಂದ ರಾಣಿ ಅವನಿಗೆ ಮೊದಲು ಅಮರತ್ವದ, ರಾಜ್ಯದ ಆಸೆ ತೋರಿಸುತ್ತಾಳೆ; ಅದಕ್ಕೆ ಅವನು ಮಣಿಯದಾಗ ಹೇಳುತ್ತಾಳೆ: ಈ ಹಣ್ಣನ್ನು ತಾಯಿಗೆ ಕೊಡು, ನಾಳೆ ಬೆಳಿಗ್ಗೆ ಅವಳು ನೋವಿಲ್ಲದೆ ಏಳುತ್ತಾಳೆ ಎಂದು. ಲೂಯಿಸ್ ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡದ್ದು 1908ರಲ್ಲಿ. ಆಗ ಅವರಿಗೆ ಒಂಬತ್ತು ವರ್ಷ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬರೆಯಲು ಕುಳಿತವರು ಆ ಹುಡುಗನ ಕೈಗೆ ಹಣ್ಣು ಕೊಟ್ಟು, ಅದನ್ನು ತಾಯಿಗೆ ಒಯ್ಯದಿರುವ ನಿರ್ಧಾರವನ್ನೂ ಅವನಿಂದಲೇ ಮಾಡಿಸುತ್ತಾರೆ. ಅದಕ್ಕೂ ಮೊದಲು, ತಾಯಿಯನ್ನು ಉಳಿಸುವಿರಾ ಎಂದು ಬೇಡುತ್ತ ಡಿಗರಿ ತಲೆಯೆತ್ತಿದಾಗ ಸಿಂಹದ ಕಣ್ಣಿನಲ್ಲಿ ತನ್ನವಕ್ಕಿಂತ ದೊಡ್ಡ ಹನಿಗಳನ್ನು ಕಾಣುವ ಜಾಗವಿದೆ. ನಾನು ಅಲ್ಲಿ ಓದುವುದನ್ನು ಸ್ವಲ್ಪ ನಿಲ್ಲಿಸಬೇಕಾಯಿತು. ಕೊನೆಗೆ ಬೇರೊಂದು ಹಣ್ಣು ಕೇಳದೆಯೇ ಸಿಗುತ್ತದೆ, ತಾಯಿ ಬದುಕುತ್ತಾಳೆ. ಅನುಕೂಲದ ಮುಕ್ತಾಯವೆಂದು ಕೆಲವರು ಇದನ್ನು ಆಕ್ಷೇಪಿಸಬಹುದು. ಬೇಡವೆಂದು ಬಿಟ್ಟ ಮೇಲೆ ಸಿಕ್ಕಿದ್ದರಿಂದ ನನಗೆ ಅದು ಹಾಗೆ ಕಾಣಲಿಲ್ಲ. ಆ ಹಣ್ಣಿನ ಬೀಜದಿಂದ ಹುಟ್ಟಿದ ಮರ ಮುಂದೆ ಬಿರುಗಾಳಿಗೆ ಉರುಳುತ್ತದೆ, ಅದರ ಮರಮುಟ್ಟಿನಿಂದ ಬೀರುವಾಗುತ್ತದೆ. ಮಳೆಗಾಲಕ್ಕೆ ಮೊದಲೇ ಬೀಸುವ ಗಾಳಿಗೆ ಪ್ರತಿ ವರ್ಷ ಮರಗಳು ಉರುಳುವ ನಮ್ಮ ಊರಿನಲ್ಲಿ, ಬಿದ್ದ ಮರವನ್ನು ಕಡಿಸಿ ಸಾಗಿಸಲು ಮನಸ್ಸು ಬಾರದೆ ಬೀರು ಮಾಡಿಸಿದವನ ಸಂಕಟ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಮತ್ತೆ ಆ ಅಂಕಿಗೆ ಬರುತ್ತೇನೆ. ರಾಮಾಯಣದಲ್ಲಿ ರಾವಣನ ಹುಟ್ಟು, ವಂಶ, ತಪಸ್ಸು, ವರಗಳ ಕಥೆ ಬರುವುದು ಉತ್ತರಕಾಂಡದಲ್ಲಿ. ಯುದ್ಧ ಮುಗಿದು, ಪಟ್ಟಾಭಿಷೇಕವಾಗಿ, ಅಗಸ್ತ್ಯರು ಬಂದು ಕುಳಿತ ಮೇಲೆ ರಾಮನೇ ಕೇಳಿ ತಿಳಿಯುತ್ತಾನೆ. ಕಾಲಾನುಕ್ರಮ ಬೇಕೆಂದು ಅದನ್ನು ಬಾಲಕಾಂಡಕ್ಕೂ ಹಿಂದೆ ತಂದಿಟ್ಟರೆ ಕೇಳುವವರಿಗೆ ರಾವಣ ಯಾರಾದರೇನು? ‘ದಿ ಮೆಜಿಷಿಯನ್ಸ್ ನೆಫ್ಯೂ’ ಕೂಡ ಅಂಥದೇ ಉತ್ತರಕಾಂಡ. ನಮ್ಮ ಲೋಕಕ್ಕೂ ನಾರ್ನಿಯಾಕ್ಕೂ ಓಡಾಟ ಹೇಗೆ ಶುರುವಾಯಿತೆಂದು ತಿಳಿಸುವುದರಿಂದ ಈ ಕಥೆ ಮುಖ್ಯವಾದದ್ದು ಎಂದು ಅದರ ಆರಂಭದಲ್ಲಿಯೇ ಇದೆ. ಆ ಓಡಾಟವನ್ನು ಓದಿಲ್ಲದವರಿಗೆ ಆ ಮಾತಿನಲ್ಲಿ ಏನಿದೆ? ಮೊದಲ ಪುಸ್ತಕದಲ್ಲಿ ಸಿಂಹದ ಹೆಸರನ್ನು ಮೊತ್ತಮೊದಲು ಕೇಳಿದಾಗ ನಾಲ್ವರು ಮಕ್ಕಳಿಗೂ ಒಬ್ಬೊಬ್ಬರಿಗೆ ಒಂದೊಂದು ಬಗೆಯ ರೋಮಾಂಚನವಾಗುತ್ತದೆ. ಅದು ಯಾರೆಂದು ಅವರಿಗೂ ಗೊತ್ತಿಲ್ಲ, ಓದುಗರಿಗೂ ಗೊತ್ತಿರಬಾರದು.

ನನ್ನ ಪ್ರತಿಯ ಅಚ್ಚು ಚಿಕ್ಕದು, ಕಾಗದ ಹಳದಿಗಟ್ಟಿದೆ, ಎರಡು ಕಡೆ ಹೊಲಿಗೆ ಸಡಿಲವಾಗಿದೆ. ಪಾಲಿನ್ ಬೇನ್ಸ್ ಅವರ ಗೆರೆಚಿತ್ರಗಳು ಈ ಕಾಗದದಲ್ಲಿ ಮಸುಕಾಗಿ ಮೂಡಿದ್ದರೂ, ಚಾರ್ನಿನ ಸಭಾಂಗಣದ ಚಿತ್ರವೊಂದಕ್ಕೇ ಕೊಟ್ಟ ಹಣ ಸಂದಂತಾಯಿತು. ಇಂಗ್ಲಿಷ್ ಸರಾಗವಾಗಿ ಓದುವ ಒಂಬತ್ತು ಹತ್ತು ವರ್ಷದವರು ತಾವೇ ಓದಬಹುದು. ಆದರೆ ಫ್ರಾಂಕನ ಲಂಡನ್ ಬೀದಿಯ ಮಾತಿಗೆ ಹಿರಿಯರ ಸಹಾಯ ಬೇಕಾದೀತು. ಮನೆಯಲ್ಲಿ ಯಾರಾದರೂ ದೀರ್ಘ ಕಾಯಿಲೆಯಿಂದ ಮಲಗಿದ್ದರೆ, ಕೊಡುವ ಮುನ್ನ ಹಿರಿಯರು ಒಮ್ಮೆ ತಾವು ಓದಿಕೊಳ್ಳುವುದು ಒಳ್ಳೆಯದು.

ಮುಂದಿನ ತಿಂಗಳು 1950ರ ಕಾದಂಬರಿಯನ್ನು ಹಿಡಿದೆವು. ಬೀರುವಿನ ಬಟ್ಟೆಗಳನ್ನು ಸರಿಸುತ್ತ ಹೋದ ಪುಟ್ಟ ಹುಡುಗಿಯ ಕಾಲಡಿಗೆ ಹಿಮ ಸಿಕ್ಕಿ, ಮರಗಳ ನಡುವೆ ದೂರದಲ್ಲಿ ಬೆಳಕೊಂದು ಕಾಣಿಸಿತು. ನಾನು ದನಿ ತಗ್ಗಿಸಿ, ನಿಧಾನವಾಗಿ ಓದಿದೆ. ‘ಆ ಸರಳಿನ ಕಂಬ ತಾನೇ, ಗೊತ್ತು, ಮುಂದಕ್ಕೆ ಓದಿ’ ಎಂದಳು. ಅವಳ ತಮ್ಮನಿಗೆ ಈಗ ಏಳು ವರ್ಷ. ಪುಸ್ತಕದ ಬೆನ್ನಿನ ಆ ಅಂಕಿಯ ಮೇಲೆ ಬಿಳಿಯ ಚೀಟಿ ಅಂಟಿಸಿ 6 ಎಂದು ಬರೆದು, ಅದನ್ನು ಮೇಲಿನ ಅರೆಯಲ್ಲಿ ಇಟ್ಟುಬಂದಿದ್ದೇನೆ.